ಕಂಪ್ಯೂಟರ್ ಮುಂದೆ ಕೂಡುವವರಿಗೆ ಯಾವ ಚಷ್ಮಾ?

“ಮಧ್ಯಾಹ್ನದ ತನಕ ಛಲೋ ಇರ್ತದ್ರಿ ಸಾಹೇಬ್ರ. ಮೂರು ಗಂಟಿ ದಾಟಿತಂದ್ರ ಅಕ್ಷರ ಮಬ್ಬಾಗ್ತಾವ, ಹಣಿ ಸಿಡೀತದ, ಕುತ್ತಿಗಿ ಹಿಡೀತದ. ಚಷ್ಮಾ ಹಾಕ್ಕೊಂಡ್ರೂ ಅಷ್ಟ, ತಗದ್ರೂ ಅಷ್ಟ.”

ನೇತ್ರ ವಿಭಾಗದಲ್ಲಿ ಇಂತಹ ಮಾತು ಈಗ ಮತ್ತೆ ಮತ್ತೆ ಕೇಳಿಬರುತ್ತದೆ. ಹೀಗೆ ಹೇಳುವವರು ಬೀದರಿನ ಕಚೇರಿಗಳ ಗುಮಾಸ್ತರು, ಭಾಲ್ಕಿಯ ಬ್ಯಾಂಕು ಮತ್ತು ಸಹಕಾರ ಸಂಘಗಳ ನೌಕರರು, ಔರಾದ್ ತಾಲ್ಲೂಕಿನ ಗ್ರಾಮ ಪಂಚಾಯತಿಗಳ ಡಾಟಾ ಎಂಟ್ರಿ ಆಪರೇಟರುಗಳು, ಶಾಲೆಯ ಲೆಕ್ಕ-ಪತ್ರವನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಬೇಕಾದ ಶಿಕ್ಷಕರು. ಇವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಅವರ ಬಳಿ ಚಷ್ಮಾ ಇರುತ್ತದೆ, ಅದರ ನಂಬರೂ ಸರಿಯಾಗಿಯೇ ಇರುತ್ತದೆ. ಆದರೂ ತೊಂದರೆ ತಪ್ಪುವುದಿಲ್ಲ. ಕಾರಣ ಸರಳವಾದುದು: ಆ ಚಷ್ಮಾವನ್ನು ಪತ್ರಿಕೆ ಓದುವ ಅಂತರಕ್ಕೆ ಮಾಡಲಾಗಿದೆ, ಕಂಪ್ಯೂಟರ್ ಇರುವ ಅಂತರಕ್ಕಲ್ಲ. ಈ ಒಂದು ವಿಷಯವನ್ನು ರೋಗಿ ಬಾಂಧವರಿಗೆ ತಿಳಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಒಂದು ಅಂಕಿ ತಪ್ಪಿದರೆ ಯಾರಿಗೆ ನಷ್ಟ?

2000ದ ದಶಕದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅಲ್ಲಿಯವರೆಗೆ ಕೈಯಲ್ಲಿ ಬರೆದ ವಹಿಗಳನ್ನು ನೋಡಿಕೊಂಡಿದ್ದ ನೌಕರರು ಪರದೆಯ ಕಡೆಗೆ ತಿರುಗಬೇಕಾಯಿತು. ಇಂದು ನಾಡಕಚೇರಿ, ಗ್ರಾಮ ಒನ್ ಕೇಂದ್ರ, ಪಂಚಾಯತಿಯ ಇ-ಸ್ವತ್ತು, ರೇಷನ್ ಅಂಗಡಿ ಹೀಗೆ ಎಲ್ಲೆಡೆ ಜನರ ಕೆಲಸ ಪರದೆಯ ಮೇಲೆಯೇ ನಡೆಯುತ್ತದೆ.

ಕಣ್ಣು ದಣಿದ ಆಪರೇಟರು ಸರ್ವೆ ನಂಬರ್ 83 ಅನ್ನು 88 ಎಂದು ಓದಬಹುದು. 12 ಅಂಕಿಗಳ ಆಧಾರ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಬಹುದು. ನಮ್ಮ ಕನ್ನಡ ಲಿಪಿಯಲ್ಲಂತೂ ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಅಕ್ಷರಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು ಮಾತ್ರ. ಒತ್ತಕ್ಷರಗಳು ಇನ್ನೂ ಚಿಕ್ಕವು. ‘ಸಿದ್ಧಪ್ಪ’ ಎಂಬ ಹೆಸರು ಪಹಣಿಯಲ್ಲಿ ಒಂದು ರೀತಿ, ಬ್ಯಾಂಕಿನಲ್ಲಿ ಇನ್ನೊಂದು ರೀತಿ ನಮೂದಾದರೆ ಬೆಳೆ ಪರಿಹಾರಕ್ಕಾಗಿ ಕಾದು ಕುಳಿತ ರೈತ ತಿದ್ದುಪಡಿಯ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಎಂದಮೇಲೆ ಸರಿಯಾದ ಚಷ್ಮಾ ಕೇವಲ ನೌಕರನ ತಲೆನೋವಿನ ಪ್ರಶ್ನೆಯಲ್ಲ, ಅವನ ಎದುರಿಗೆ ಸಾಲಿನಲ್ಲಿ ನಿಂತವನ ಪ್ರಶ್ನೆಯೂ ಹೌದು.

ಸರಿಯಾದ ಕನ್ನಡಕ ಕೆಲಸವನ್ನು ಎಷ್ಟು ಸುಧಾರಿಸಬಲ್ಲದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ಅಸ್ಸಾಂನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ಒಂದು ಅಧ್ಯಯನ ನಡೆದು, 2018ರಲ್ಲಿ ಅದರ ವರದಿ ಪ್ರಕಟವಾಯಿತು. ಹತ್ತಿರದ ನೋಟಕ್ಕೆ ಕನ್ನಡಕ ಪಡೆದವರ ದಿನದ ಕೊಯ್ಲು, ಪಡೆಯದವರ ಕೊಯ್ಲಿಗಿಂತ ಸುಮಾರು ಶೇಕಡ 22ರಷ್ಟು ಹೆಚ್ಚು ಏರಿತ್ತು. ಎಲೆ ಕೀಳುವ ಕೆಲಸಕ್ಕೇ ಹೀಗಾದರೆ ಅಕ್ಷರ ಮತ್ತು ಅಂಕಿಗಳ ಕೆಲಸಕ್ಕೆ ಅದರ ಅಗತ್ಯ ಎಷ್ಟೆಂಬುದನ್ನು ತಾವೇ ಯೋಚಿಸಬಹುದು.

ನಲವತ್ತರ ನಂತರ ಕಣ್ಣಿನಲ್ಲಿ ಆಗುವುದೇನು?

ನಮ್ಮ ಭಾಗದಲ್ಲಿ ಓದುವ ಚಷ್ಮಾಕ್ಕೆ ‘ಚಾಳೀಸು’ ಎನ್ನುತ್ತಾರೆ. ಚಾಳೀಸ್ ಎಂದರೆ ನಲವತ್ತು. ಹಿರಿಯರು ವಯಸ್ಸನ್ನೇ ಚಷ್ಮಾದ ಹೆಸರಾಗಿ ಇಟ್ಟಿದ್ದಾರೆ, ಅದು ಸರಿಯಾಗಿಯೇ ಇದೆ.

ಕಣ್ಣಿನೊಳಗೆ ಒಂದು ಮಸೂರವಿದೆ. ಚಿಕ್ಕ ವಯಸ್ಸಿನಲ್ಲಿ ಅದು ಮೃದುವಾಗಿರುತ್ತದೆ. ಹತ್ತಿರದ ವಸ್ತುವನ್ನು ನೋಡುವಾಗ ಅದು ಉಬ್ಬಿ ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ, ದೂರ ನೋಡುವಾಗ ಮತ್ತೆ ಚಪ್ಪಟೆಯಾಗುತ್ತದೆ. ವಯಸ್ಸಾದಂತೆ ಮಸೂರ ಗಡುಸಾಗುತ್ತ ಹೋಗಿ ಉಬ್ಬುವ ಗುಣ ಕಡಿಮೆಯಾಗುತ್ತದೆ. ಆಗ ಪತ್ರಿಕೆಯನ್ನು ಕೈ ಚಾಚಿ ದೂರ ಹಿಡಿಯಬೇಕಾಗುತ್ತದೆ. ಇದು ರೋಗವಲ್ಲ, ಕೂದಲು ನೆರೆಯುವಂತೆ ಎಲ್ಲರಿಗೂ ಬರುವ ಬದಲಾವಣೆ. ಚಷ್ಮಾ ಹಾಕುವುದರಿಂದ ನಂಬರು ಬೆಳೆಯುತ್ತದೆ ಎಂಬ ಮಾತೂ ನಿಜವಲ್ಲ. ಹಾಕಿದರೂ ಹಾಕದಿದ್ದರೂ ಅದು ವಯಸ್ಸಿನೊಂದಿಗೆ ಸುಮಾರು ಅರವತ್ತರವರೆಗೆ ಸ್ವಲ್ಪ ಸ್ವಲ್ಪವೇ ಏರುತ್ತದೆ.

ಅಂತರವೇ ಮುಖ್ಯ

ಮೂವರು ಕೆಲಸಗಾರರನ್ನು ನೆನಪಿಸಿಕೊಳ್ಳಿ. ಬೀದರಿನ ಬಿದರಿ ಕುಶಲಕರ್ಮಿ ಹೂಜಿಯ ಮೇಲೆ ಬೆಳ್ಳಿಯ ಎಳೆ ಕೂಡಿಸುವಾಗ ಅದನ್ನು ಕಣ್ಣಿಗೆ ಬಹಳ ಹತ್ತಿರ, ಸುಮಾರು 30 ಸೆಂ.ಮೀ. ಅಂತರದಲ್ಲಿ ಹಿಡಿಯುತ್ತಾನೆ. ಪತ್ರಿಕೆ ಓದುವವನು ಸುಮಾರು 40 ಸೆಂ.ಮೀ. ದೂರ ಹಿಡಿಯುತ್ತಾನೆ. ಕಂಪ್ಯೂಟರ್ ಪರದೆ ಮೇಜಿನ ಮೇಲೆ 50ರಿಂದ 70 ಸೆಂ.ಮೀ. ದೂರವಿರುತ್ತದೆ. ಮೂವರ ವಯಸ್ಸು ಐವತ್ತೇ ಆಗಿದ್ದರೂ ಮೂವರಿಗೂ ಒಂದೇ ನಂಬರಿನ ಚಷ್ಮಾ ಹೊಂದುವುದಿಲ್ಲ.

ಇದರ ಲೆಕ್ಕ ಕಷ್ಟವಲ್ಲ. 100ನ್ನು ಸೆಂಟಿಮೀಟರ್ ಅಂತರದಿಂದ ಭಾಗಿಸಿದರೆ ಆ ಅಂತರಕ್ಕೆ ಒಟ್ಟು ಎಷ್ಟು ಶಕ್ತಿ ಬೇಕೆಂಬುದು ಸಿಗುತ್ತದೆ. 40 ಸೆಂ.ಮೀ.ಗೆ 2.50, 66 ಸೆಂ.ಮೀ.ಗೆ ಸುಮಾರು 1.50. ಇದರಲ್ಲಿ ಒಂದಿಷ್ಟನ್ನು ಕಣ್ಣು ತಾನೇ ಒದಗಿಸುತ್ತದೆ, ಉಳಿದದ್ದನ್ನು ಚಷ್ಮಾ ಒದಗಿಸಬೇಕು. ಆದ್ದರಿಂದ ಕಂಪ್ಯೂಟರಿಗೆ ಬೇಕಾದ ನಂಬರು ಓದುವ ನಂಬರಿಗಿಂತ ಕಡಿಮೆ ಇರುತ್ತದೆ.

ದೂರದ ದೃಷ್ಟಿ ಸರಿಯಿದ್ದು, ಓದಲು +2.00 ಚಷ್ಮಾ ಹಾಕುವ ವ್ಯಕ್ತಿಯನ್ನು ತೆಗೆದುಕೊಳ್ಳೋಣ. ಆ ಚಷ್ಮಾದಲ್ಲಿ ಸ್ಪಷ್ಟವಾಗಿ ಕಾಣುವ ಕೊನೆಯ ಎಲ್ಲೆ 50 ಸೆಂ.ಮೀ. ಅದರಾಚೆ ಎಲ್ಲವೂ ಮಬ್ಬು. ಪರದೆ 65 ಸೆಂ.ಮೀ. ದೂರವಿದ್ದರೆ ಅವರು ತಿಳಿಯದಂತೆಯೇ ಮುಂದಕ್ಕೆ ಬಾಗುತ್ತಾರೆ. ದಿನವಿಡೀ ಹಾಗೆ ಬಾಗಿ ಕುಳಿತರೆ ಬೆನ್ನು ನೋಯದೆ ಇರುತ್ತದೆಯೇ? ಅದೇ ವ್ಯಕ್ತಿಗೆ +1.00 ಅಥವಾ +1.25 ಕೊಟ್ಟರೆ ಪರದೆ ನೆಟ್ಟಗೆ ಕುಳಿತಲ್ಲಿಂದಲೇ ಕಾಣುತ್ತದೆ.

ದೂರಕ್ಕೆ ಮೈನಸ್ ನಂಬರು ಇರುವವರ ಲೆಕ್ಕ ಬೇರೆ. −1.50 ಇರುವವರಿಗೆ ಚಷ್ಮಾ ತೆಗೆದಾಗ ಸುಮಾರು 66 ಸೆಂ.ಮೀ. ಅಂತರ ತಾನಾಗಿಯೇ ಸ್ಪಷ್ಟವಾಗಿ ಕಾಣುತ್ತದೆ. ಅಂಥವರು ಪರದೆಯ ಮುಂದೆ ಚಷ್ಮಾ ತೆಗೆದಿಟ್ಟು ಕೆಲಸ ಮಾಡಿದರೆ ಅದು ತಪ್ಪಲ್ಲ. ಆದರೆ ಎರಡೂ ಕಣ್ಣಿನ ನಂಬರು ಒಂದೇ ಇದೆಯೇ, ಅಡ್ಡ ನಂಬರು (ಸಿಲಿಂಡರ್) ಇದೆಯೇ ಎಂಬುದನ್ನು ಪರೀಕ್ಷಿಸಿಕೊಳ್ಳಬೇಕು.

ಮೊದಲು ಟೇಪು ಹಿಡಿದು ಅಳೆಯಿರಿ

ಆಸ್ಪತ್ರೆಗೆ ಬರುವ ಹಿಂದಿನ ದಿನ ಒಂದು ಸಣ್ಣ ಕೆಲಸ ಮಾಡಿರಿ. ತಾವು ದಿನಾಲೂ ಕೂಡುವ ಕುರ್ಚಿಯಲ್ಲಿ ಆರಾಮವಾಗಿ, ಬೆನ್ನು ಒರಗಿಸಿ ಕುಳಿತುಕೊಳ್ಳಿ. ಜೊತೆಯವರಿಗೆ ಹೇಳಿ ದರ್ಜಿಯ ಟೇಪಿನಿಂದ ಮೂರು ಅಳತೆ ತೆಗೆಸಿರಿ:

1. ಕಣ್ಣಿನಿಂದ ಪರದೆಯ ನಡುಭಾಗದವರೆಗೆ ಎಷ್ಟು ಸೆಂ.ಮೀ.?
2. ಕಣ್ಣಿನಿಂದ ಕೀಲಿಮಣೆಯವರೆಗೆ ಎಷ್ಟು?
3. ಪಕ್ಕದಲ್ಲಿ ಇಟ್ಟುಕೊಳ್ಳುವ ಅರ್ಜಿ, ವಹಿ ಅಥವಾ ಕಾಗದದವರೆಗೆ ಎಷ್ಟು?

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದನ್ನೂ ನೋಡಿರಿ. ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತಂದು ಡಾಕ್ಟರರಿಗೆ ಕೊಡಿರಿ. “ನಾನು ಕಂಪ್ಯೂಟರ್ ಕೆಲಸ ಮಾಡುತ್ತೇನೆ, ದಿನಕ್ಕೆ ಇಷ್ಟು ತಾಸು” ಎಂದು ಬಾಯಿಬಿಟ್ಟು ಹೇಳಿರಿ. ಹೇಳದಿದ್ದರೆ ಪರೀಕ್ಷೆ ದೂರಕ್ಕೊಂದು, ಓದುವುದಕ್ಕೊಂದು ಎಂದು ಎರಡೇ ಅಂತರಕ್ಕೆ ಮುಗಿದುಬಿಡಬಹುದು. ಕಂಪ್ಯೂಟರ್ ಇರುವುದು ಅವೆರಡರ ನಡುವೆ.

ಯಾವ ಬಗೆಯ ಚಷ್ಮಾ ಯಾರಿಗೆ?

ಒಂದೇ ನಂಬರಿನ ಕಂಪ್ಯೂಟರ್ ಚಷ್ಮಾ: ಇಡೀ ಗಾಜು ಪರದೆಯ ಅಂತರಕ್ಕೇ ಮಾಡಿದ್ದು. ಬೆಲೆ ಕಡಿಮೆ, ನೋಟ ವಿಶಾಲ, ಕುತ್ತಿಗೆಗೆ ಸುಖ. ದಿನಕ್ಕೆ ನಾಲ್ಕಾರು ತಾಸು ಪರದೆಯನ್ನೇ ನೋಡುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ದೂರ ಮಬ್ಬಾಗಿ ಕಾಣುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಇದನ್ನು ಹಾಕಿಕೊಂಡೇ ಮೋಟಾರ್ ಸೈಕಲ್ ಹತ್ತಿ ಊರಿಗೆ ಹೊರಡಬಾರದು. ಇದನ್ನು ಮೇಜಿನ ಡ್ರಾವರಿನಲ್ಲಿಯೇ ಇಡುವುದು ಒಳ್ಳೆಯ ರೂಢಿ.

ಸಾಮಾನ್ಯ ಬೈಫೋಕಲ್: ಮೇಲೆ ದೂರಕ್ಕೆ, ಕೆಳಗೆ ಓದುವುದಕ್ಕೆ. ಬೀದಿಯಲ್ಲಿ ನಡೆಯಲು, ಪತ್ರಿಕೆ ಓದಲು ಇದು ಒಳ್ಳೆಯದೇ. ಕಂಪ್ಯೂಟರಿಗೆ ಮಾತ್ರ ಸರಿಯಲ್ಲ. ಪರದೆ ಎದುರಿಗಿದ್ದರೆ ಓದುವ ತುಂಡು ಕೆಳಗಿರುತ್ತದೆ. ಗದ್ದ ಮೇಲೆತ್ತಿ, ತಲೆ ಹಿಂದಕ್ಕೆ ಮಾಡಿ, ಮುಂದಕ್ಕೂ ಬಾಗಿ ನೋಡಬೇಕಾಗುತ್ತದೆ. ಕುತ್ತಿಗೆ ನೋವಿಗೆ ಮಾತ್ರೆ ನುಂಗುತ್ತಿರುವ ಎಷ್ಟೋ ಜನರ ನಿಜವಾದ ತೊಂದರೆ ಇರುವುದು ಈ ತುಂಡಿನಲ್ಲಿ.

ಕೆಲಸಕ್ಕೆಂದೇ ಮಾಡಿಸಿದ ಬೈಫೋಕಲ್: ಮೇಲಿನ ಭಾಗದಲ್ಲಿ ದೂರದ ನಂಬರಿನ ಬದಲು ಪರದೆಯ ನಂಬರು, ಕೆಳಗೆ ಓದುವ ನಂಬರು. ಅರ್ಜಿ ನೋಡಿಕೊಂಡು ಟೈಪು ಮಾಡುವವರಿಗೆ, ಬ್ಯಾಂಕಿನ ಕೌಂಟರಿನವರಿಗೆ ಇದು ಬಹಳ ಉಪಯುಕ್ತ. ಸಾಧಾರಣ ಬೈಫೋಕಲ್ ಮಾಡುವ ಯಾವ ಅಂಗಡಿಯಲ್ಲಿಯೂ ಇದನ್ನು ಮಾಡಿಸಬಹುದು, ಚೀಟಿಯಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು ಅಷ್ಟೇ. ಇದನ್ನು ಹಾಕಿಕೊಂಡೂ ವಾಹನ ನಡೆಸಬಾರದು.

ಪ್ರೋಗ್ರೆಸ್ಸಿವ್: ಗೆರೆಯಿಲ್ಲದೆ ಮೇಲಿನಿಂದ ಕೆಳಗೆ ನಂಬರು ಕ್ರಮೇಣ ಬದಲಾಗುವ ಗಾಜು. ಎಲ್ಲ ಅಂತರಕ್ಕೂ ಒಂದೇ ಚಷ್ಮಾ ಆಗುವ ಅನುಕೂಲವಿದೆ. ಆದರೆ ಪರದೆಯ ಅಂತರಕ್ಕೆ ಇರುವ ಪಟ್ಟಿ ಕಿರಿದು. ಅಕ್ಕಪಕ್ಕ ನೋಡಲು ಕಣ್ಣಿನ ಬದಲು ತಲೆಯನ್ನೇ ತಿರುಗಿಸಬೇಕು. ರೂಢಿಯಾಗಲು ಒಂದೆರಡು ವಾರ ಬೇಕು. ಬೆಲೆಯೂ ಹೆಚ್ಚು. ದಿನಕ್ಕೆ ಒಂದು-ಒಂದೂವರೆ ತಾಸು ಮಾತ್ರ ಕಂಪ್ಯೂಟರ್ ನೋಡುವವರಿಗೆ ಸಾಕಾಗುತ್ತದೆ. ಹತ್ತಿರ ಮತ್ತು ಮಧ್ಯದ ಅಂತರಕ್ಕೆಂದೇ ಮಾಡಿದ ‘ಆಫೀಸ್ ಲೆನ್ಸ್’ ಎಂಬ ಬಗೆಯಲ್ಲಿ ಈ ಪಟ್ಟಿ ಅಗಲವಾಗಿರುತ್ತದೆ.

ಬಸ್ ನಿಲ್ದಾಣದ ರೆಡಿಮೇಡ್ ಚಷ್ಮಾ ಹಾಕಬಹುದೇ?

ಸಂತೆಯಲ್ಲಿ, ಬಸ್ ನಿಲ್ದಾಣದ ಹತ್ತಿರ ಸಿಗುವ ಚಷ್ಮಾದಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರು ಇರುತ್ತದೆ, ಅಡ್ಡ ನಂಬರು ಇರುವುದೇ ಇಲ್ಲ. ಎರಡು ಪಾಪೆಗಳ ನಡುವಿನ ಅಂತರವೂ (ಪಿ.ಡಿ.) ಒಂದು ಸರಾಸರಿ ಅಳತೆಯದು. ಹತ್ತು ನಿಮಿಷ ಕಾಗದ ಓದಲು, ಸೂಜಿಗೆ ದಾರ ಪೋಣಿಸಲು ಅದು ನಡೆಯುತ್ತದೆ, ಕಣ್ಣು ಕೆಡುವುದಿಲ್ಲ. ಆದರೆ ಆರು ತಾಸಿನ ಕೆಲಸಕ್ಕೆ ಆಗದು. ಗಾಜಿನ ಕೇಂದ್ರ ತಮ್ಮ ಪಾಪೆಯ ಎದುರಿಗೆ ಬಾರದಿದ್ದರೆ ಎರಡು ಕಣ್ಣುಗಳನ್ನು ಕೂಡಿಸಲು ಸ್ನಾಯುಗಳು ದಿನವಿಡೀ ಎಳೆದಾಡಬೇಕಾಗುತ್ತದೆ. ಸಂಜೆಯ ತಲೆನೋವಿಗೆ ಇದೂ ಒಂದು ಕಾರಣ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ರೆಡಿಮೇಡ್ ಕೊಂಡವರು ಕಣ್ಣಿನ ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ ಉಳಿದುಬಿಡುತ್ತಾರೆ.

ನೀಲಿ ಬೆಳಕು ತಡೆಯುವ ಗಾಜು ಬೇಕೇ?

ಈಗ ಅಂಗಡಿಗಳಲ್ಲಿ ‘ಬ್ಲೂ ಕಟ್’ ಗಾಜನ್ನು ಕಂಪ್ಯೂಟರ್ ಚಷ್ಮಾ ಎಂದೇ ಮಾರುತ್ತಾರೆ. 2023ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ಈ ಬಗ್ಗೆ ನಡೆದಿದ್ದ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಕಂಪ್ಯೂಟರ್ ಕೆಲಸದಿಂದ ಬರುವ ಕಣ್ಣಿನ ದಣಿವನ್ನು ಈ ಗಾಜು ಸಾಮಾನ್ಯ ಗಾಜಿಗಿಂತ ಹೆಚ್ಚು ಕಡಿಮೆ ಮಾಡುತ್ತದೆ ಎನ್ನಲು ಆಧಾರ ಕಂಡುಬರಲಿಲ್ಲ. ಪರದೆಯಿಂದ ಬರುವ ನೀಲಿ ಬೆಳಕು ನಮ್ಮ ಬಯಲಿನ ಬಿಸಿಲಿನಲ್ಲಿ ಇರುವುದರ ಮುಂದೆ ಬಹಳ ಅಲ್ಪ. ಅದನ್ನು ಹಾಕಿದರೆ ಹಾನಿಯಿಲ್ಲ, ಆದರೆ ತಪ್ಪು ನಂಬರಿನ ಬ್ಲೂ ಕಟ್‌ಗಿಂತ ಸರಿ ನಂಬರಿನ ಸಾದಾ ಗಾಜು ಎಷ್ಟೋ ಮೇಲು. ಖರ್ಚಿಗೆ ಹಣ ಕಡಿಮೆಯಿದ್ದರೆ ಇದನ್ನು ನಿಸ್ಸಂಕೋಚವಾಗಿ ಬಿಟ್ಟುಬಿಡಿರಿ. ಕೋಣೆಯೊಳಗೆ ಕಪ್ಪು ಅಥವಾ ಗಾಢ ಬಣ್ಣದ ಗಾಜು ಹಾಕುವುದೂ ಬೇಡ.

ಹೆಚ್ಚಿನ ಹಣ ಕೊಡಲು ಸಾಧ್ಯವಿದ್ದರೆ ಅಂಗಡಿಯವರು ‘ಎ.ಆರ್.ಸಿ.’ ಎನ್ನುವ, ಪ್ರತಿಫಲನ ತಡೆಯುವ ಲೇಪನಕ್ಕೆ ಕೊಡಿರಿ. ಸಾದಾ ಪ್ಲಾಸ್ಟಿಕ್ ಗಾಜಿನ ಎರಡು ಮೈಗಳಿಂದ ಸೇರಿ ಸುಮಾರು ಶೇಕಡ 8ರಷ್ಟು ಬೆಳಕು ಹಿಂದಕ್ಕೆ ಹೊಡೆಯುತ್ತದೆ. ಹಿಂದಿನ ಕಿಟಕಿ, ಮೇಲಿನ ಟ್ಯೂಬ್‌ಲೈಟು ಗಾಜಿನಲ್ಲಿ ಮಿನುಗಿ ಅಕ್ಷರಕ್ಕೆ ಅಡ್ಡ ಬರುತ್ತವೆ. ಲೇಪನವಿದ್ದರೆ ಈ ಮಿನುಗು ಬಹಳ ಮಟ್ಟಿಗೆ ತಗ್ಗುತ್ತದೆ. ಆದರೆ ನಮ್ಮ ಭಾಗದ ಧೂಳಿನಲ್ಲಿ ಅದಕ್ಕೆ ಗೀರು ಬೇಗ ಬೀಳುತ್ತದೆ. ಒಣ ಗಾಜನ್ನು ಸೀರೆಯ ಸೆರಗಿನಿಂದಲೋ ಅಂಗಿಯ ಅಂಚಿನಿಂದಲೋ ಉಜ್ಜಬೇಡಿರಿ. ಮೊದಲು ನೀರಿನಲ್ಲಿ ಧೂಳು ತೊಳೆದು, ನಂತರ ಮೃದುವಾದ ಹತ್ತಿ ಬಟ್ಟೆಯಿಂದ ಒರೆಸಿರಿ.

ಫ್ರೇಮು ಹಗುರವಾಗಿರಲಿ. ಮೂಗಿನ ಮೇಲಿಂದ ಜಾರುವ ಫ್ರೇಮು ಗಾಜಿನ ಕೇಂದ್ರವನ್ನೂ ಜಾರಿಸುತ್ತದೆ. ಬೈಫೋಕಲ್ ಅಥವಾ ಪ್ರೋಗ್ರೆಸ್ಸಿವ್ ಮಾಡಿಸುವವರು ಬಹಳ ಕಿರಿದಾದ ಫ್ರೇಮು ಆರಿಸಬಾರದು. ಕೆಳಗಿನ ನಂಬರಿಗೆ ಅದರಲ್ಲಿ ಜಾಗವೇ ಸಿಗುವುದಿಲ್ಲ.

ಚಷ್ಮಾ ಒಂದರಿಂದಲೇ ಆಗದ ಕೆಲಸ

ಮಾತನಾಡುವಾಗ ನಾವು ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಐದಾರಕ್ಕೆ ಇಳಿಯುತ್ತದೆ. ರೆಪ್ಪೆ ಬಡಿದಾಗಲೇ ಕಣ್ಣೀರಿನ ಪದರ ಕಣ್ಣಿಗೆ ಹರಡುವುದು. ಬೇಸಿಗೆಯ ಒಣಗಾಳಿ, ಮುಖಕ್ಕೇ ಬೀಸುವ ಫ್ಯಾನು ಅಥವಾ ಕೂಲರು ಸೇರಿದರೆ ಕಣ್ಣು ಉರಿಯುತ್ತದೆ, ಮರಳು ಬಿದ್ದಂತಾಗುತ್ತದೆ. ಈ ಉರಿಗೆ ಯಾವ ನಂಬರೂ ಔಷಧಿಯಲ್ಲ. ಆದ್ದರಿಂದ:

• 20 ನಿಮಿಷಕ್ಕೊಮ್ಮೆ 20 ಸೆಕೆಂಡು, 20 ಅಡಿಗಿಂತ ದೂರದ ಮರವನ್ನೋ ಗೋಡೆಯನ್ನೋ ನೋಡಿರಿ. ಆಗ ರೆಪ್ಪೆಗಳನ್ನು ಪೂರ್ತಿ ಮುಚ್ಚಿ ತೆರೆಯಿರಿ.
• ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯದಿರಲಿ.
• ಕಿಟಕಿ ಪಕ್ಕಕ್ಕೆ ಬರುವಂತೆ ಮೇಜು ಇಡಿರಿ. ಹಿಂದೆಯೂ ಬೇಡ, ಎದುರಿಗೂ ಬೇಡ.
• ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗಿರಲಿ.
• ಕನ್ನಡ ಅಕ್ಷರದ ಗಾತ್ರವನ್ನು ದೊಡ್ಡದು ಮಾಡಿಕೊಳ್ಳಿರಿ. ಒತ್ತಕ್ಷರ ಸ್ಪಷ್ಟವಾಗಿ ಕಾಣುವಷ್ಟು ಇರಬೇಕು.

ಡಾಕ್ಟರರನ್ನು ಕೇಳದೆ ಅಂಗಡಿಯಿಂದ ಕಣ್ಣಿನ ಹನಿ ತಂದು ಹಾಕಬೇಡಿರಿ. ಸ್ಟೀರಾಯ್ಡ್ ಇರುವ ಹನಿಗಳನ್ನು ಬಹಳ ದಿನ ಹಾಕಿದರೆ ಮೋತಿಬಿಂದು ಮತ್ತು ಕಾಚಬಿಂದು (ಗ್ಲಾಕೋಮಾ) ಎರಡೂ ಬರಬಹುದು.

ಸಕ್ಕರೆ ಕಾಯಿಲೆ ಮತ್ತು ಆಪರೇಷನ್ ಆದವರಿಗೆ

ರಕ್ತದಲ್ಲಿ ಸಕ್ಕರೆ ಏರಿಳಿತವಾಗುತ್ತಿದ್ದರೆ ಕಣ್ಣಿನ ನಂಬರೂ ಏರಿಳಿಯುತ್ತದೆ. ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಕಳೆದ ಮೇಲೆಯೇ ಚಷ್ಮಾ ಮಾಡಿಸಿರಿ, ಇಲ್ಲದಿದ್ದರೆ ಕೊಟ್ಟ ಹಣ ವ್ಯರ್ಥ. ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆಯ ಪರೀಕ್ಷೆಯನ್ನೂ ತಪ್ಪಿಸಬಾರದು.

ಮೋತಿಬಿಂದು ಆಪರೇಷನ್ನಿನಲ್ಲಿ ಹಾಕುವ ಸಾಮಾನ್ಯ ಕೃತಕ ಮಸೂರ ಒಂದೇ ಅಂತರಕ್ಕೆ ಕೆಲಸ ಮಾಡುತ್ತದೆ. ಅದು ಉಬ್ಬುವುದಿಲ್ಲ. ಆದ್ದರಿಂದ ಆಪರೇಷನ್ ಆದವರಿಗೆ ಓದಲು ಒಂದು, ಕಂಪ್ಯೂಟರಿಗೆ ಒಂದು ನಂಬರು ಬೇಕಾಗುವುದು ಸಹಜ. ಆಪರೇಷನ್ ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ.

ಕಂಪ್ಯೂಟರ್ ನೋಡುವುದರಿಂದ ಮೋತಿಬಿಂದುವಾಗಲಿ ಕಾಚಬಿಂದುವಾಗಲಿ ಬರುವುದಿಲ್ಲ. ಆದರೆ ಕಾಚಬಿಂದು ಬಹಳ ಸಲ ನೋವಿಲ್ಲದೆ, ಸದ್ದಿಲ್ಲದೆ ದೃಷ್ಟಿಯನ್ನು ಅಂಚಿನಿಂದ ಕದಿಯುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ನಲವತ್ತರಲ್ಲಿ ಚಾಳೀಸಿಗಾಗಿ ಬಂದಾಗಲೇ ಕಣ್ಣಿನ ಒತ್ತಡವನ್ನೂ ನೋಡಿಸಿಕೊಂಡರೆ ಇದು ಸಮಯಕ್ಕೆ ಸಿಕ್ಕಿಬೀಳುತ್ತದೆ. ಹಠಾತ್ತಾಗಿ ದೃಷ್ಟಿ ಮಬ್ಬಾಗುವುದು, ಮಿಂಚು ಹೊಡೆದಂತೆ ಕಾಣುವುದು, ನೋವಿನೊಡನೆ ಕಣ್ಣು ಕೆಂಪಾಗುವುದು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಚಷ್ಮಾದ ಅಂಗಡಿಗಲ್ಲ, ಅದೇ ದಿನ ನೇತ್ರ ತಜ್ಞರ ಬಳಿ ಹೋಗಬೇಕು.

ಇನ್ನು ಕಾಲೇಜಿನ ಯುವಕ-ಯುವತಿಯರಿಗೆ ಒಂದು ಮಾತು. ಇಪ್ಪತ್ತರ ಕಣ್ಣಿಗೆ ಸಾಮಾನ್ಯವಾಗಿ ಬೇರೆ ಕಂಪ್ಯೂಟರ್ ಚಷ್ಮಾ ಬೇಕಾಗಿಲ್ಲ. ಆದರೆ ಅಡಗಿಕೊಂಡಿರುವ ಸಣ್ಣ ಪ್ಲಸ್ ನಂಬರು ಅಥವಾ ಅಡ್ಡ ನಂಬರು ತಲೆನೋವು ತರಬಹುದು. ಒಮ್ಮೆ ಪರೀಕ್ಷಿಸಿಕೊಂಡರೆ ಸಾಕು.

ಹೊಸ ಚಷ್ಮಾ ಕೈಗೆ ಬಂದಾಗ

ಅಂಗಡಿಯಲ್ಲಿಯೇ ನೋಡಿಕೊಳ್ಳಿರಿ. ಮೊಬೈಲನ್ನಲ್ಲ, ಅಂಗಡಿಯವರ ಕಂಪ್ಯೂಟರ್ ಪರದೆಯನ್ನು ತಾವು ಅಳೆದ ಅಂತರದಿಂದ ನೋಡಿರಿ. ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ, ನಂತರ ಅದನ್ನು ಮುಚ್ಚಿ ಮೊದಲಿನದರಿಂದ ಓದಿರಿ. ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುತ್ತದೆಯೇ ಗಮನಿಸಿರಿ. ಗಾಜಿನ ನಂಬರು ಚೀಟಿಯಂತೆಯೇ ಇದೆಯೇ ಎಂದು ಯಂತ್ರದಲ್ಲಿ ತೋರಿಸಲು ಕೇಳಿರಿ. ಕೇಳುವುದು ತಮ್ಮ ಹಕ್ಕು. ಒಂದೇ ನಂಬರಿನ ಚಷ್ಮಾ ಎರಡು-ಮೂರು ದಿನದಲ್ಲಿ ರೂಢಿಯಾಗಬೇಕು. ಎರಡು ವಾರವಾದರೂ ತಲೆ ಸುತ್ತುವುದು ನಿಲ್ಲದಿದ್ದರೆ ಚಷ್ಮಾ ಮತ್ತು ಚೀಟಿ ಎರಡನ್ನೂ ಹಿಡಿದುಕೊಂಡು ಮರಳಿ ಬನ್ನಿರಿ.

ಪರೀಕ್ಷೆಗೆ ಬರುವಾಗ ಹಳೆಯ ಚಷ್ಮಾಗಳೆಲ್ಲವನ್ನೂ, ಅಳತೆಯ ಚೀಟಿಯನ್ನೂ, ಶುಗರ್ ಮತ್ತು ಬಿ.ಪಿ. ಕಾಗದಗಳನ್ನೂ, ನಡೆಯುತ್ತಿರುವ ಔಷಧಿಗಳನ್ನೂ ತರಬೇಕು. ಪಾಪೆ ಅಗಲಿಸುವ ಹನಿ ಹಾಕಬೇಕಾಗಬಹುದು, ಆಗ ಕೆಲವು ತಾಸು ನೋಟ ಮಬ್ಬಾಗುತ್ತದೆ. ಆದ್ದರಿಂದ ಜೊತೆಗೆ ಒಬ್ಬರನ್ನು ಕರೆತನ್ನಿರಿ, ತಾವೇ ಗಾಡಿ ನಡೆಸಿಕೊಂಡು ಬರಬೇಡಿರಿ. ಪರೀಕ್ಷೆ ನಮ್ಮಲ್ಲಿಯೇ ಆಗಬೇಕೆಂದಿಲ್ಲ. ಬೀದರಿನ ಬ್ರಿಮ್ಸ್ ಬೋಧಕ ಆಸ್ಪತ್ರೆಯಲ್ಲಾಗಲಿ, ತಮಗೆ ಹತ್ತಿರವಾದ ಯಾವುದೇ ನೇತ್ರ ತಜ್ಞರಲ್ಲಾಗಲಿ ಮಾಡಿಸಿರಿ. ಎಲ್ಲಿ ಮಾಡಿಸಿದರೂ ಮೂರು ಅಳತೆಯ ಆ ಚೀಟಿ ಮಾತ್ರ ಜೇಬಿನಲ್ಲಿರಲಿ. ಅದನ್ನು ಬರೆಯಲು ಬೇಕಾಗುವುದು ದರ್ಜಿಯ ಒಂದು ಟೇಪು ಮತ್ತು ಐದು ನಿಮಿಷ.